ಬ್ಲೈನೈ ಇರುವುದು ವೇಲ್ಸ್‌ನಲ್ಲಿ, ಇಂಗ್ಲೆಂಡಿನಲ್ಲಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬ್ಲೈನೈ ಫೆಸ್ಟಿನ್ಯೋಗ್ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಆರು ವರ್ಷದಿಂದ ನಾನು ಇದೇ ಊರಿನಲ್ಲಿದ್ದೇನೆ, ನರ್ಸ್ ಕೆಲಸ. ಈ ಊರಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ನೋಡಿ ತುಂಬಾ ಖುಷಿಯಾಯಿತು. ಆದರೆ ಎರಡು ಮಾತು ಚುಚ್ಚಿದವು. ‘ಇಂಗ್ಲೆಂಡಿನ ಪುಟ್ಟ ಪಟ್ಟಣ’ ಅಂತ ಬರೆದಿದ್ದೀರಿ. ಊರಿರುವುದು ವೇಲ್ಸ್‌ನಲ್ಲಿ, ಅದು ಬ್ರಿಟನ್ನಿನೊಳಗೆ ಬೇರೆಯೇ ನಾಡು. ಪುಟಾಣಿ ರೈಲು ಬಿಟ್ಟರೆ ಅಲ್ಲಿ ಕಲ್ಲಿನ ರಾಶಿ ಮಾತ್ರ ಇದೆ ಅಂತಲೂ ಬರೆದಿದ್ದೀರಿ.

ಆ ರೈಲು ಬಂದಿದ್ದೇ ಆ ಕಲ್ಲಿಗಾಗಿ ಅಲ್ವಾ? 1836ರಲ್ಲಿ ಶುರುವಾದಾಗ ಅದಕ್ಕೆ ಎಂಜಿನ್ನೇ ಇರಲಿಲ್ಲ. ಮನೆಯ ಮಾಡಿಗೆ ಹೊದಿಸುವ ಸ್ಲೇಟ್ ಕಲ್ಲು ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಾವಾಗಿಯೇ ಪೋರ್ತ್‌ಮಡೋಗ್ ಬಂದರಿಗೆ ಉರುಳುತ್ತಿದ್ದವು. ಖಾಲಿ ಗಾಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆದು ತರುತ್ತಿದ್ದವು.

ಗಣಿಯಿಂದ ಹತ್ತು ಟನ್ ತೆಗೆದರೆ ಸುಮಾರು ಒಂದು ಟನ್ ಮಾತ್ರ ಸ್ಲೇಟ್ ಆಗುತ್ತಿತ್ತು. ಉಳಿದದ್ದನ್ನು ಮನೆಗಳ ಬೆನ್ನಿಗೇ ಸುರಿದರು. 1951ರಲ್ಲಿ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನ ಮಾಡಿದಾಗ ಈ ಗುಡ್ಡೆಗಳ ಕಾರಣಕ್ಕೆ ಊರನ್ನೇ ಹೊರಗಿಟ್ಟರು. ನಕ್ಷೆ ನೋಡಿ, ಸುತ್ತಲೂ ಉದ್ಯಾನ, ನಡುವೆ ಈ ಊರಿನಷ್ಟು ಜಾಗ ಖಾಲಿ. 2021ರಲ್ಲಿ ಯುನೆಸ್ಕೊ ವಾಯವ್ಯ ವೇಲ್ಸ್‌ನ ಸ್ಲೇಟ್ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಗುಡ್ಡೆಗಳು ಈಗ ಅದರಲ್ಲಿವೆ.

ನಮ್ಮ ಪಕ್ಕದ ಮನೆಯ ತಾತ ಹದಿನೈದನೇ ವಯಸ್ಸಿಗೆ ಗಣಿ ಸೇರಿದವರು. ಒಮ್ಮೆ ಹಿತ್ತಲಿನಲ್ಲಿ ಕೂತು ನನಗೆ ಕಲ್ಲು ಸೀಳಿ ತೋರಿಸಿದರು. ಎರಡಿಂಚು ದಪ್ಪದ ಕಲ್ಲನ್ನು ತೊಡೆಗೆ ಒರಗಿಸಿಕೊಂಡರು. ಅಗಲ ಬಾಯಿಯ ಉಳಿಯನ್ನು ಅಂಚಿನ ನಟ್ಟನಡುವೆ ಇಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿದರು, ಅಷ್ಟೇ. ಕಿವಿ ಕಲ್ಲಿನ ಮೇಲೆಯೇ. ‘ಟಕ್’ ಅಂತ ಸದ್ದು ಬದಲಾದ ಕೂಡಲೇ ಉಳಿಯನ್ನು ಸ್ವಲ್ಪ ಮೀಟಿದರು, ಕಲ್ಲು ಪುಸ್ತಕದ ಹಾಗೆ ಬಿಚ್ಚಿಕೊಂಡಿತು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಕೊನೆಯ ಹಾಳೆಗಳು ನನ್ನ ಕಿರುಬೆರಳಿಗಿಂತ ತೆಳ್ಳಗಿದ್ದವು.

ಗಣಿಗಳಲ್ಲಿ ‘ಕಬಾನ್’ ಅಂತ ಒಂದು ಕೋಣೆ ಇರುತ್ತಿತ್ತು, ಮಧ್ಯಾಹ್ನ ಬುತ್ತಿ ಬಿಚ್ಚುವ ಜಾಗ. ಅಲ್ಲೇ ಹಾಡು, ಕವಿತೆಯ ಸ್ಪರ್ಧೆ, ಪೇಪರ್ ಸುದ್ದಿಯ ಮೇಲೆ ಚರ್ಚೆ, ಎಲ್ಲಾ ವೆಲ್ಷ್ ಭಾಷೆಯಲ್ಲೇ. ಮಾಲೀಕರಲ್ಲಿ ಹೆಚ್ಚಿನವರು ಇಂಗ್ಲೆಂಡಿನವರು. ಗಣಿಗಳ ಒಳ್ಳೆಯ ದಿನ ಮುಗಿದು ಜನ ಊರು ಬಿಟ್ಟರೂ ಭಾಷೆ ಉಳಿದಿದೆ. ಇಂದಿಗೂ ಇಲ್ಲಿ ಜಾಸ್ತಿ ಜನರ ಮನೆಮಾತು ವೆಲ್ಷ್. ಬೆಳಗ್ಗೆ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ‘ಬೋರೆ ದಾ’, ಅಂದರೆ ಶುಭೋದಯ. ಇಂಥವರನ್ನು ಇಂಗ್ಲೆಂಡಿನವರು ಅಂದರೆ ಅವರಿಗೆ ಹೇಗಾಗುತ್ತದೆ ಅಂತ ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಲೇಖನದ ಫೋಟೋದಲ್ಲಿ ತಾತ ಕೆಲಸ ಮಾಡಿದ ಗುಡ್ಡ ಕಾಣುತ್ತದೆ. ಏನು ಬರೆದಿದ್ದಾರೆ, ಓದಿ ಹೇಳು ಅಂದರು. ‘ಇಂಗ್ಲೆಂಡ್’ ಅನ್ನುವ ಪದ ಬಂದ ಕಡೆ ನುಂಗಿಕೊಂಡು ಓದಿದೆ. ದಯವಿಟ್ಟು ಒಂದು ಸಾಲಿನ ತಿದ್ದುಪಡಿ ಹಾಕಿ. ಅದನ್ನು ಅವರಿಗೆ ಪೂರ್ತಿ ಓದಿ ಹೇಳುತ್ತೇನೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಬ್ಲೈನೈ ಫೆಸ್ಟಿನ್ಯೋಗ್, ವೇಲ್ಸ್