ಸಚಿವರೇ, ನಮ್ಮಕ್ಕನ ಸ್ಲೈಡ್ ಓದುವವರು ಯಾರು?

ಚಿತ್ರದುರ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸೀಲು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಊರವರೆಲ್ಲ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಕ್ಕನಿಗೆ 41 ವರ್ಷ, ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ ಕೂಲಿ. ಮುಟ್ಟಲ್ಲದ ದಿನಗಳಲ್ಲೂ ರಕ್ತ ಹೋಗುತ್ತಿದೆ ಅಂತ ಬಾಯಿಬಿಡುವುದಕ್ಕೇ ಅವಳಿಗೆ ನಾಲ್ಕು ತಿಂಗಳು ಬೇಕಾಯಿತು. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಪ್ಯಾಪ್ ಸ್ಮಿಯರ್ ತೆಗೆದರು, ಅಂದರೆ ಗರ್ಭಕಂಠದಿಂದ ಜೀವಕೋಶ ಕೆರೆದು ಗಾಜಿನ ಸ್ಲೈಡ್ ಮೇಲೆ ಸವರಿದರು. ವರದಿಗೆ 38 ದಿನ. ಒಂದು ಸಲ ಡಾಕ್ಟರು ರಜೆ, ಇನ್ನೊಂದು ಸಲ ಪ್ರಿಂಟರಿಗೆ ಇಂಕಿಲ್ಲ. ಕೊನೆಗೆ ಕೈಗೆ ಬಂದದ್ದು ಒಂದು ಸಾಲು: ಉರಿಯೂತ. ಮಾತ್ರೆ ಕೊಟ್ಟರು, ರಕ್ತ ನಿಲ್ಲಲಿಲ್ಲ, ಮತ್ತೆ ಅದೇ ಮಾತ್ರೆ ಬರೆದರು.

ಆ ಸ್ಲೈಡ್ ಕೊಡಿ, ಬೇರೆ ಕಡೆ ತೋರಿಸುತ್ತೇವೆ ಅಂದಿದ್ದಕ್ಕೆ ಅಲ್ಲಿದ್ದವರು ಏನಂದರು ಗೊತ್ತಾ? "ಗಾಜು ತಗೊಂಡೋಗಿ ಕನ್ನಡಿ ಮಾಡಿಸ್ತೀಯೇನಪ್ಪಾ?" ಸುತ್ತಲಿದ್ದವರು ನಕ್ಕರು. ಅಕ್ಕ ಅಲ್ಲೇ ಬೆಂಚಿನ ಮೇಲಿದ್ದಳು.

ಮಗಳ ಜಾಮಿಟ್ರಿ ಬಾಕ್ಸಿಗೆ ಹತ್ತಿ ಹಾಸಿ, ಕೊನೆಗೂ ಸಿಕ್ಕ ಸ್ಲೈಡನ್ನು ಅದರಲ್ಲಿಟ್ಟು, ಬೆಂಗಳೂರಿನವರೆಗೆ 200 ಕಿಲೋಮೀಟರ್ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ನೋಡಿದವರೇ ಬಯಾಪ್ಸಿ ಬೇಕು, ಅಂದರೆ ಆ ಜಾಗದ ಚೂರು ತೆಗೆದು ಪರೀಕ್ಷಿಸಬೇಕು ಅಂದರು. ಅದಕ್ಕೆ ಬೇರೆ ಬಣ್ಣಗಳನ್ನು ಹಾಕಿ ಪರೀಕ್ಷಿಸಿದ ಮೇಲೆ ಹೆಸರು ಸಿಕ್ಕಿತು: ಸ್ಮಾಲ್ ಸೆಲ್ ಕ್ಯಾನ್ಸರ್. ಗರ್ಭಕಂಠದ ಕ್ಯಾನ್ಸರಿನಲ್ಲಿ 100ಕ್ಕೆ ಒಂದೋ ಎರಡೋ ಮೂರೋ ಇಂಥದ್ದು. ಜೀವಕೋಶಗಳು ತೀರಾ ಸಣ್ಣವು, ನ್ಯೂಕ್ಲಿಯಸ್ಸೇ ತುಂಬಿಕೊಂಡು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಅವಸರದಲ್ಲಿ ನೋಡಿದರೆ ಸೋಂಕಿನ ಬಿಳಿ ರಕ್ತಕಣದ ಥರವೇ ಕಾಣುತ್ತವಂತೆ. ಕಣ್ತಪ್ಪುತ್ತದೆ, ಒಪ್ಪಿದೆ. ಇನ್ನೊಬ್ಬರು ನೋಡಬಾರದಿತ್ತಾ?

30 ದಾಟಿದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಅನ್ನುವ ನಿಯಮ ನಿಮಗೆ ಗೊತ್ತಿರುವುದೇ. ಬ್ಯಾನರ್ ನೋಡಿದ್ದೇನೆ, ನಿಮ್ಮ ಫೋಟೋ ಚೆನ್ನಾಗಿ ಬಂದಿದೆ. ಈ ಕಾಯಿಲೆ 5 ವರ್ಷ ಕಾಯುವುದಿಲ್ಲ ಸ್ವಾಮಿ. ಬೇಗ ಶ್ವಾಸಕೋಶಕ್ಕೆ, ಲಿವರಿಗೆ ಹಬ್ಬುತ್ತದೆ.

ಸ್ಲೈಡ್ ಓದುವುದರಲ್ಲಿ ಪಳಗಿದ ಪೆಥಾಲಜಿ ಡಾಕ್ಟರನ್ನು ಕೊಡಿ. ರಕ್ತ ಹೋಗುತ್ತಿರುವವರ ಸ್ಲೈಡನ್ನು ಇಬ್ಬರು ನೋಡಲಿ. ವರದಿ ಒಂದು ವಾರದಲ್ಲಿ ಬರಲಿ. ರಕ್ತ ನಿಲ್ಲದಿದ್ದರೆ ವರದಿಯಲ್ಲಿ ಏನೇ ಇರಲಿ, ಬಯಾಪ್ಸಿಗೆ ಕಳಿಸಲಿ. ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಸ್ಲೈಡ್ ಓದುವವರನ್ನು ಕೊಡಿ, ಅಷ್ಟೇ.

ಬರುವ ಸೋಮವಾರ ಅಕ್ಕನಿಗೆ ನಾಲ್ಕನೇ ಕೀಮೋ, ಬೆಂಗಳೂರಿನಲ್ಲಿರುತ್ತೇನೆ. ಬುಧವಾರದಿಂದ ಊರಲ್ಲೇ ಸಿಗುತ್ತೇನೆ. ನನ್ನ ಫೋನ್ ನಂಬರ್ ಮೂರೂ ಅರ್ಜಿಯಲ್ಲಿದೆ.

ಇಂತಿ,
ಹೊಳಲ್ಕೆರೆ ತಾಲ್ಲೂಕಿನ ಒಬ್ಬ ತಮ್ಮ