ಕಣ್ಣು ಮುಚ್ಚಲೇಬೇಕೆಂದಿಲ್ಲ

ಮಗಳೇ, ಆಶೀರ್ವಾದಗಳು.

ಅಪಘಾತವಾದಂದಿನಿಂದ ನಿದ್ದೆ ಹತ್ತುತ್ತಿಲ್ಲವೆಂದೂ, ಆಪ್ತಸಮಾಲೋಚಕರ ಸಲಹೆಯಂತೆ ಯೋಗದ ತರಗತಿಗೆ ಸೇರುವುದೋ ಬೇಡವೋ ಎಂದು ಯೋಚಿಸುತ್ತಿರುವೆಯೆಂದೂ ಬರೆದಿದ್ದೀಯೆ. ಸೇರು, ಆದರೆ ಎಲ್ಲಿ, ಹೇಗೆ ಎಂಬುದನ್ನು ವಿಚಾರಿಸಿ ಸೇರು.

ಬಹಳ ವರ್ಷಗಳ ಹಿಂದೆ, ನನಗೂ ಕೆಟ್ಟ ಕಾಲ ಬಂದಿದ್ದಾಗ, ಒಂದು ತರಗತಿಗೆ ಹೋಗುತ್ತಿದ್ದೆ. ಒಂದು ದಿನ ಕಾಲು ಚಾಚಿ ಮುಂದಕ್ಕೆ ಬಾಗಿ ಕುಳಿತಿದ್ದಾಗ ಶಿಕ್ಷಕರು ಹೇಳದೆ ಕೇಳದೆ ಹಿಂದಿನಿಂದ ಬಂದು ಬೆನ್ನಿನ ಮೇಲೆ ಅಂಗೈಯೂರಿ ಒತ್ತಿದರು. ಆಸನವನ್ನು ತಿದ್ದುವುದಷ್ಟೇ ಅವರ ಉದ್ದೇಶವಾಗಿತ್ತು. ನನಗೆ ಮಾತ್ರ ಉಸಿರು ಕಟ್ಟಿತು, ಬೆರಳುಗಳು ಮರಗಟ್ಟಿದವು, ಕೋಣೆಯ ಸದ್ದೆಲ್ಲ ದೂರ ಸರಿದಂತಾಯಿತು. ದೋಷ ನನ್ನದೇ ಎಂದುಕೊಂಡು ಮತ್ತೆ ಹೋಗಲಿಲ್ಲ. ಆಘಾತವೆಂದರೆ ನಮ್ಮ ಇಚ್ಛೆಯನ್ನು ಲೆಕ್ಕಿಸದೆ ನಮ್ಮ ಮೇಲೆ ಎರಗಿದ್ದು. ಅಂಥದ್ದನ್ನು ಕಂಡ ದೇಹಕ್ಕೆ, ಒಳ್ಳೆಯದಕ್ಕೇ ಆದರೂ, ಕೇಳದೆ ಮಾಡಿದ ಒತ್ತಾಯ ಹಳೆಯ ಗಾಯವನ್ನೇ ಕೆದಕಬಹುದೆಂದು ತಿಳಿದದ್ದು ಆಮೇಲೆ.

ಆದ್ದರಿಂದ ಆಘಾತದ ಅರಿವಿಟ್ಟುಕೊಂಡು ಕಲಿಸುವವರನ್ನು ಹುಡುಕು. ಅಂಥವರು ಅನುಮತಿಯಿಲ್ಲದೆ ಮುಟ್ಟುವುದಿಲ್ಲ, 'ಮಾಡಲೇಬೇಕು' ಎನ್ನುವ ಬದಲು 'ಬೇಕೆನಿಸಿದರೆ ಕೈ ಎತ್ತಬಹುದು, ಹಾಗೆಯೇ ಇರಲೂಬಹುದು' ಎನ್ನುತ್ತಾರೆ. ಆ ಆಯ್ಕೆಯೇ, ನನ್ನ ಮಟ್ಟಿಗೆ, ಆಸನಕ್ಕಿಂತ ದೊಡ್ಡ ಔಷಧ. ಕಣ್ಣು ತೆರೆದೇ ಇರಲಿ, ಬಾಗಿಲು ಕಾಣುವ ಕಡೆ ಚಾಪೆ ಹಾಸಿಕೋ. ಶವಾಸನದಲ್ಲಿ ಎದೆ ಡವಗುಟ್ಟಿದರೆ ಪಕ್ಕಕ್ಕೆ ಹೊರಳು, ಇಲ್ಲವೇ ಎದ್ದು ಕುಳಿತು ಅಂಗಾಲನ್ನು ನೆಲಕ್ಕೂರಿ ಆ ತಂಪನ್ನು ಗಮನಿಸು. ಕಪಾಲಭಾತಿ, ಭಸ್ತ್ರಿಕಾಗಳಂಥ ವೇಗದ ಉಸಿರಾಟವನ್ನೂ ಉಸಿರು ಹಿಡಿದಿಡುವ ಕುಂಭಕವನ್ನೂ ಸದ್ಯಕ್ಕೆ ಬಿಟ್ಟುಬಿಡು. ಗಾಬರಿಯ ಸ್ವಭಾವ ಇರುವವರಲ್ಲಿ ಅವು ಗಾಬರಿಯನ್ನು ಕೆರಳಿಸಬಹುದು.

ಇದರಿಂದ ಫಲವಿದೆಯೇ ಎಂದು ನೀನು ಕೇಳಿದ್ದೆ. ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಗೆ ಸುಲಭವಾಗಿ ಜಗ್ಗದ ಆಘಾತೋತ್ತರ ಒತ್ತಡದ ಕಾಯಿಲೆಯಿದ್ದ ಮಹಿಳೆಯರು ವಾರಕ್ಕೊಂದು ಗಂಟೆಯಂತೆ 10 ವಾರ ಇಂಥ ಯೋಗ ಮಾಡಿದ ಮೇಲೆ, 31 ಮಂದಿಯಲ್ಲಿ 16 ಮಂದಿ ಆ ಕಾಯಿಲೆಯಿದೆ ಎಂದು ಗುರುತಿಸುವ ಮಾನದಂಡದಿಂದ ಹೊರಬಂದಿದ್ದರು. ಯೋಗವಿಲ್ಲದ ಗುಂಪಿನ 29 ಮಂದಿಯಲ್ಲಿ ಹಾಗೆ ಹೊರಬಂದವರು 6 ಮಂದಿ. ಅಧ್ಯಯನ ಚಿಕ್ಕದು, ಮತ್ತು ಅಲ್ಲಿ ಯೋಗವನ್ನು ಚಿಕಿತ್ಸೆಗೆ ಪೂರಕವಾಗಿ ನೋಡಿದ್ದರೇ ಹೊರತು ಅದರ ಬದಲಿಯಾಗಿ ಅಲ್ಲ. ಹಾಗಾಗಿ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಬೇಡ, ಸಮಾಲೋಚಕರ ಭೇಟಿಯನ್ನೂ ತಪ್ಪಿಸಬೇಡ. ತರಗತಿಯ ನಂತರ ಅಪಘಾತದ ದೃಶ್ಯ ಮತ್ತೆ ಮತ್ತೆ ಮರುಕಳಿಸಿದರೆ, ದೇಹ ನಿನ್ನದಲ್ಲವೆನಿಸಿದರೆ, ಅಥವಾ ಬದುಕೇ ಬೇಡವೆನಿಸಿದರೆ ಅಭ್ಯಾಸ ನಿಲ್ಲಿಸಿ ಕೂಡಲೇ ಅವರಿಗೆ ತಿಳಿಸು. ಕೊನೆಯದಾದರೆ ಒಂದು ಗಳಿಗೆಯೂ ಒಬ್ಬಳೇ ಇರಬೇಡ, ನನ್ನನ್ನೂ ಕರೆ.

ಮೊದಲ ದಿನ ಹತ್ತೇ ನಿಮಿಷಕ್ಕೆ ಎದ್ದು ಬಂದರೂ ಸರಿ, ಹೇಗಿತ್ತೆಂದು ಬರೆ.

ನಿನ್ನ ದೊಡ್ಡಮ್ಮ