ನಿನ್ನ ಹುಡುಗ ಸ್ವಲ್ಪ ಹೆದರಲಿ

ಉರ್ವಾ, ಮಂಗಳೂರು

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. 1975ರ ಎಮರ್ಜೆನ್ಸಿ, ಮಂಗಳೂರಿನ ಕಾಲೇಜು ಹುಡುಗ, ಪೊಲೀಸರು, ಎಲ್ಲ ಸರಿ. ಆದರೆ ಜೈಲಿಗೆ ಹೋಗುವವರೆಗೂ ನಿನ್ನ ಹುಡುಗ ಒಮ್ಮೆಯೂ ಹೆದರುವುದಿಲ್ಲವಲ್ಲ ಮಾರಾಯ!

ಆಗ ನನಗೆ ಇಪ್ಪತ್ತು. ನಮ್ಮ ಕಡೆ ಹುಡುಗರ ಆಸೆ ಅಂದರೆ ಬ್ಯಾಂಕ್ ಕೆಲಸ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ನಾಲ್ಕೂ ಹುಟ್ಟಿದ್ದು ಇಲ್ಲೇ ಅಲ್ವಾ. ನಾನೂ ಅರ್ಜಿ ಹಾಕಿ ಕಾಯುತ್ತಿದ್ದೆ. ಅಮ್ಮ ಬೀಡಿ ಕಟ್ಟಿ ಓದಿಸಿದವಳು.

ಒಂದು ಸಂಜೆ ಗೆಳೆಯನೊಬ್ಬ ಎಮರ್ಜೆನ್ಸಿ ವಿರುದ್ಧ ಸೈಕ್ಲೋಸ್ಟೈಲ್ ಮಾಡಿದ ಕರಪತ್ರದ ಕಟ್ಟು ತಂದ. "ನಾಳೆ ಹಂಪನಕಟ್ಟೆಗೆ ಮುಟ್ಟಿಸು, ಸಾಕು" ಅಂದ. ಶಾಯಿ ಇನ್ನೂ ಬೆರಳಿಗೆ ಅಂಟುತ್ತಿತ್ತು. ಅಮ್ಮ ಬೀಡಿ ಎಲೆ ಒದ್ದೆ ಮಾಡಿ ಗೋಣಿಯಲ್ಲಿ ಸುತ್ತಿಟ್ಟಿದ್ದಳು. ಅದರ ಅಡಿಗೆ ತುರುಕಿದೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಬ್ಯಾಂಕಿನವರು ಪೊಲೀಸರ ಹತ್ತಿರ ವಿಚಾರಿಸಿದರೆ? ಬೆಳಗಾಗುವ ಮೊದಲೇ ಎದ್ದು ಬಚ್ಚಲ ಒಲೆಗೆ ಹಾಕಿದೆ. ಕಾಗದಕ್ಕೆ ಪಸೆ ಹತ್ತಿತ್ತು, ಬೇಗ ಉರಿಯಲಿಲ್ಲ. ಕೊಳವೆಯಲ್ಲಿ ಊದಿ ಊದಿ ಸುಟ್ಟೆ. ಗೆಳೆಯನಿಗೆ "ಮುಟ್ಟಿಸಿದೆ" ಅಂದೆ. ಕೆಲಸ ಸಿಕ್ಕಿತು. ಅವನಿಗೆ ಇವತ್ತಿಗೂ ನಿಜ ಹೇಳಿಲ್ಲ.

ಧೈರ್ಯ ಇದ್ದವರು ಇರಲಿಲ್ಲ ಅಂತಲ್ಲ. ಶಿವರಾಮ ಕಾರಂತರು ಪದ್ಮಭೂಷಣ ವಾಪಸು ಕೊಟ್ಟರು. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ಇಟ್ಟುಕೊಂಡೇ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದರು. ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಅಂಥವರ ಬಗ್ಗೆ ಬರೆ. ಆದರೆ ನಿನ್ನ ಹುಡುಗನ ಹತ್ತಿರ ಕಳೆದುಕೊಳ್ಳಲು ಏನಿದೆ? ಮನೆಯಲ್ಲಿ ಯಾರು ಅವನ ಸಂಬಳಕ್ಕೆ ಕಾಯುತ್ತಿದ್ದಾರೆ? ಯಾವ ಅರ್ಜಿ ಹಾಕಿದ್ದಾನೆ? ಅದನ್ನು ಮೊದಲು ಹೇಳು. ಆಮೇಲೆ ಅವನು ಕಟ್ಟು ಎತ್ತಿಕೊಂಡು ಹೊರಟರೆ ನಾನು ನಂಬುತ್ತೇನೆ.

ಇನ್ನೊಂದು. 'ಸರ್ವಾಧಿಕಾರ' ಅಂತ ಏಳು ಕಡೆ ಬರೆದಿದ್ದೀಯ. ನಾವ್ಯಾರೂ ಆ ಪದ ಆಡುತ್ತಿರಲಿಲ್ಲ. ನಮ್ಮ ಮಾವನಂತೂ "ಈಗ ಆಫೀಸಿನವರೆಲ್ಲ ಹೊತ್ತಿಗೆ ಸರಿಯಾಗಿ ಬರ್ತಾರೆ, ಒಳ್ಳೆದೇ ಆಯ್ತು" ಅನ್ನುತ್ತಿದ್ದರು. ಕೆಟ್ಟವರಲ್ಲ, ಮದುವೆ ಮನೆಗಳಲ್ಲಿ ಜಾಸ್ತಿ ದುಡಿಯುತ್ತಿದ್ದವರೇ ಅವರು. ಅಂಥ ಒಬ್ಬರು ನಿನ್ನ ಕಥೆಯಲ್ಲೂ ಇರಲಿ. ಸುಮ್ನೆ ಬೈಯಬೇಡ, ಮಾತಾಡಲು ಬಿಡು.

ಕೊನೆಯ ಪುಟ ಮಾತ್ರ ಮುಟ್ಟಬೇಡ. ಅಮ್ಮ ಬುತ್ತಿ ಹಿಡಿದು ಜೈಲಿನ ಗೇಟಿನ ಹೊರಗೆ ನಿಂತಿರುವ ಆ ಎರಡು ಸಾಲು ಚೆನ್ನಾಗಿವೆ. ತಿದ್ದಿದ ಮೇಲೆ ಮನೆಗೇ ತಗೊಂಡು ಬಾ.

ನಿನ್ನ,
ಹಳೇ ಬ್ಯಾಂಕಿನವ